ಅಪ್‌ಡೇಟ್: ಮಗುವಿನ ಜಂತುಹುಳು, ಬಸುರಿ ತಾಯಿಗೆ ಮಾತ್ರೆ ಕೊಡಬಹುದಾ?

18 ತಿಂಗಳ ಮಗುವಿಗೆ ರಾತ್ರಿಯೆಲ್ಲ ಗುದದ ತುರಿಕೆ, ತಾಯಿ ಎರಡು ತಿಂಗಳ ಬಸುರಿ, ಇಬ್ಬರಿಗೂ ಜಂತುಹುಳುವಿನ ಮಾತ್ರೆ ಅಲ್ಬೆಂಡಜೋಲ್ ಕೊಡಬಹುದಾ ಅಂತ ಕೇಳಿದ್ದೆ. 20 ದಿನ ಆಯ್ತು, ತುರಿಕೆ ನಿಂತಿದೆ.

ಮಲ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಈ ತುರಿಕೆ ತರುವ ಸಣ್ಣ ಜಂತುಹುಳು ಪಿನ್‌ವರ್ಮ್, ರಾತ್ರಿ ಹೊರಬಂದು ಗುದದ ಸುತ್ತಲಿನ ಚರ್ಮದ ಮೇಲೆ ಮೊಟ್ಟೆ ಇಡುತ್ತದಂತೆ, ಮಲದಲ್ಲಿ ಕಾಣುವುದು ಅಪರೂಪ. ಇಲ್ಲಿ ಯಾರೋ ಹೇಳಿದ ಟೇಪ್ ಉಪಾಯವೇ ಕೆಲಸಕ್ಕೆ ಬಂತು: ಬೆಳಿಗ್ಗೆ ತೊಳೆಯುವ ಮೊದಲೇ ಪಾರದರ್ಶಕ ಟೇಪ್ ಒತ್ತಿ ತೆಗೆದು, ಸ್ಲೈಡಿಗೆ ಅಂಟಿಸಿ ಲ್ಯಾಬಿಗೆ ಕೊಡುವುದು.

ಡಾಕ್ಟರ್ ಮಗುವಿಗೆ 200 ಮಿ.ಗ್ರಾಂ. ಬರೆದರು, ಅಂದರೆ ಅರ್ಧ ಮಾತ್ರೆ. ಪುಡಿ ಮಾಡಿ ನೀರಲ್ಲಿ ಕಲಸಿಯೇ ಕೊಡಬೇಕು, ಇಡೀ ತುಂಡು ಗಂಟಲಿಗೆ ಸಿಕ್ಕಿಕೊಳ್ಳಬಹುದು. ಎರಡು ವಾರಕ್ಕೆ ಮತ್ತೊಂದು ಡೋಸ್, ಯಾಕೆಂದರೆ ಔಷಧಿ ಹುಳುವನ್ನು ಕೊಲ್ಲುತ್ತೆ, ಮೊಟ್ಟೆಯನ್ನಲ್ಲ. ಹಿಂದೆ ಮತ್ತೆ ಮತ್ತೆ ಬರುತ್ತಿದ್ದುದು ಇದನ್ನು ಬಿಟ್ಟಿದ್ದಕ್ಕೇ.

ಬೇವಿನ ರಸ, ಬೆಳ್ಳುಳ್ಳಿ ಎರಡೂ ದಂಡ. ಮಗು ಉಗುಳಿದ್ದೇ ಬಂತು.

ತಾಯಿಗೆ ಮೊದಲ ಮೂರು ತಿಂಗಳು ಮಾತ್ರೆ ಬೇಡವೇ ಬೇಡ ಅಂದರು. ನಾಲ್ಕನೇ ತಿಂಗಳ ನಂತರ 400 ಮಿ.ಗ್ರಾಂ. ಒಂದೇ ಮಾತ್ರೆ, ಕಬ್ಬಿಣದ ಮಾತ್ರೆ ಜೊತೆಗೆ ಸರ್ಕಾರಿ ಆಸ್ಪತ್ರೆಯಲ್ಲೇ ಕೊಡ್ತಾರಂತೆ. ಅದು ಮುಖ್ಯವಾಗಿ ರಕ್ತ ಹೀರುವ ಕೊಕ್ಕೆಹುಳುವಿಗೆ. ಅಲ್ಲಿಯವರೆಗೆ ಉಗುರು ಕತ್ತರಿಸುವುದು, ಬೆಳಿಗ್ಗೆ ಎದ್ದ ತಕ್ಷಣ ಮಗುವನ್ನು ತೊಳೆಯುವುದು, ಹಾಸಿಗೆ ಬಟ್ಟೆಯನ್ನು ಕೊಡವದೆ ಬಿಸಿನೀರಿಗೆ ಹಾಕುವುದು.

ಅಂದಹಾಗೆ, ಪಾಪ, ಬೆಕ್ಕನ್ನು ಸುಮ್ಮನೆ ಬೈದೆವು. ಪಿನ್‌ವರ್ಮ್ ಬೆಕ್ಕು ನಾಯಿಯಿಂದ ಬರಲ್ಲ.