ರಾಡ್ ತೆಗೆಸಿದ ಮೇಲೆ ಕೇಸ್ ಹಾಕೋಣ ಅಂತ ಕಾದೆವು, ಈಗ ಎಂಟು ತಿಂಗಳಾಯಿತು

ಪ್ರಶ್ನೆ:
ಮೇಡಂ, ನಮಸ್ಕಾರ. ನನ್ನ ತಮ್ಮನಿಗೆ 29 ವರ್ಷ, ವೈರಿಂಗ್ ಕೆಲಸ ಮಾಡುತ್ತಾನೆ. ಎಂಟು ತಿಂಗಳ ಹಿಂದೆ ತಿರುವಿನಲ್ಲಿ ಕಾರೊಂದು ಅವನ ಬೈಕಿಗೆ ಪಕ್ಕದಿಂದ ಗುದ್ದಿತು. ಬಲ ಮೊಣಕಾಲಿನ ಕೆಳಗೆ ಎರಡೂ ಮೂಳೆ ಮುರಿದು ರಾಡ್ ಹಾಕಿದ್ದಾರೆ. ಎಫ್‌ಐಆರ್ ಆಗಿದೆ, ಕಾರಿನವರ ಮೇಲೆ ಚಾರ್ಜ್‌ಶೀಟ್ ಹಾಕಿದ್ದೇವೆ ಅಂತ ಠಾಣೆಯಲ್ಲಿ ಹೇಳಿದರು. ರಾಡ್ ತೆಗೆಸಿ, ಚಿಕಿತ್ಸೆಯೆಲ್ಲ ಮುಗಿದ ಮೇಲೆ ಒಟ್ಟು ಖರ್ಚು ಲೆಕ್ಕ ಹಾಕಿ ಕೇಸ್ ಹಾಕೋಣ ಅಂತ ಸುಮ್ಮನಿದ್ದೆವು. ಈಗ ನೋಡಿದರೆ ಆರು ತಿಂಗಳು ದಾಟಿದರೆ ಕೇಸೇ ನಿಲ್ಲುವುದಿಲ್ಲ ಅನ್ನುತ್ತಾರೆ. ಇನ್ನೊಂದು ವಿಷಯ: ಆಸ್ಪತ್ರೆಯಲ್ಲಿದ್ದಾಗ ಕಾರಿನ ಮಾಲೀಕರು 40,000 ರೂಪಾಯಿ ಕೊಟ್ಟು, 'ಇನ್ನು ಏನೂ ಕೇಳುವುದಿಲ್ಲ' ಅಂತ ಬಿಳಿ ಹಾಳೆಯಲ್ಲಿ ಅಪ್ಪನ ಸಹಿ ಹಾಕಿಸಿಕೊಂಡಿದ್ದಾರೆ. ನಮ್ಮ ದಾರಿ ಮುಚ್ಚಿತೇ?

ಉತ್ತರ:
ಮುಚ್ಚಿಲ್ಲ. ಆದರೆ ಇನ್ನು ಒಂದು ವಾರವೂ ಕಾಯಬೇಡಿ.

ಆರು ತಿಂಗಳ ಮಾತು ಸುಳ್ಳಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೊದಲು ಆರು ತಿಂಗಳ ಮಿತಿ ಇತ್ತು, ಕಾರಣ ಸರಿಯಿದ್ದರೆ ಹನ್ನೆರಡು ತಿಂಗಳವರೆಗೆ ವಿಳಂಬ ಮನ್ನಿಸಬಹುದಿತ್ತು. 1994ರಲ್ಲಿ ಆ ಮಿತಿಯನ್ನೇ ತೆಗೆದುಹಾಕಿದರು. ಹಾಗಾಗಿ ಹಳೆಯ ಕಾಲದವರು ಇವತ್ತಿಗೂ 'ಆಕ್ಸಿಡೆಂಟ್ ಕೇಸಿಗೆ ಟೈಮೇ ಇಲ್ಲ, ಯಾವಾಗ ಬೇಕಾದರೂ ಹಾಕಬಹುದು' ಅನ್ನುತ್ತಾರೆ. 2019ರ ತಿದ್ದುಪಡಿ ಮಿತಿಯನ್ನು ಮರಳಿ ತಂದಿತು, 2022ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಕಲಂ 166(3)ರ ಪ್ರಕಾರ ಅಪಘಾತವಾದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಈ ಸಲ ವಿಳಂಬ ಮನ್ನಿಸುವ ಮಾತೇ ಕಲಮಿನಲ್ಲಿಲ್ಲ. ಮಂಚದ ಮೇಲೆ ಮಲಗಿರುವವನು ಆರು ತಿಂಗಳಲ್ಲಿ ವಕೀಲರನ್ನು ಹುಡುಕಿಕೊಂಡು ಬರಲಿ ಅನ್ನುವ ಈ ಕಾನೂನು ನನಗಂತೂ ಒಪ್ಪಿಗೆಯಿಲ್ಲ. ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ. ಆ ಪ್ರಕರಣ ಬಾಕಿ ಇರುವಾಗ, ಆರು ತಿಂಗಳು ದಾಟಿದೆ ಎಂಬ ಒಂದೇ ಕಾರಣಕ್ಕೆ ಅರ್ಜಿ ವಜಾ ಮಾಡಬೇಡಿ ಎಂದು 2025ರ ನವೆಂಬರ್‌ನಲ್ಲಿ ನ್ಯಾಯಾಲಯ ಮಧ್ಯಂತರ ಆದೇಶ ಕೊಟ್ಟಿದೆ. ನಿಮಗೆ ಬಾಗಿಲು ತೆರೆದಿರುವುದು ಇದರಿಂದ. ಆದರೆ ಮಧ್ಯಂತರ ಆದೇಶ ಎರವಲು ತಂದ ಕೊಡೆಯಿದ್ದ ಹಾಗೆ, ಯಾವಾಗ ವಾಪಸ್ ಕೇಳುತ್ತಾರೋ ಹೇಳಲಾಗದು. ಅದನ್ನು ನಂಬಿಕೊಂಡು ಇನ್ನೂ ಎಳೆಯಬೇಡಿ.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಪೊಲೀಸರು ತನಿಖೆ ಮುಗಿಸಿ ಅಪಘಾತದ ವಿವರವಾದ ವರದಿಯನ್ನು (ಇದನ್ನೇ ಡಿಎಆರ್ ಅನ್ನುತ್ತಾರೆ) ನ್ಯಾಯಮಂಡಳಿಗೆ, ಅಂದರೆ ಅಪಘಾತ ಪರಿಹಾರದ ಅರ್ಜಿ ವಿಚಾರಣೆ ಮಾಡುವ ಕೋರ್ಟಿಗೆ, ಕಳಿಸಬೇಕೆಂಬ ನಿಯಮವಿದೆ. 48 ಗಂಟೆಯಲ್ಲಿ ಮೊದಲ ವರದಿ, 90 ದಿನದಲ್ಲಿ ವಿವರವಾದದ್ದು. ಆ ವರದಿಯನ್ನೇ ಪರಿಹಾರದ ಅರ್ಜಿ ಎಂದು ಪರಿಗಣಿಸಬೇಕೆಂದು ಕಲಂ 166(4) ಹೇಳುತ್ತದೆ. ಅಂದರೆ ನಿಮಗೇ ಗೊತ್ತಿಲ್ಲದೆ ನಿಮ್ಮ ತಮ್ಮನ ಕೇಸು ಅವಧಿಯೊಳಗೇ ದಾಖಲಾಗಿರಬಹುದು. ಠಾಣೆಗೆ ಹೋಗಿ 'ಡಿಎಆರ್ ಯಾವ ಕೋರ್ಟಿಗೆ, ಯಾವತ್ತು ಹೋಗಿದೆ' ಅಂತ ಬರವಣಿಗೆಯಲ್ಲೇ ಕೇಳಿ.

ಇನ್ನು ಆ ಬಿಳಿ ಹಾಳೆ. ಕೇಸು ನಿಮ್ಮ ತಮ್ಮನದು, ಸಹಿ ಹಾಕಿದ್ದು ನಿಮ್ಮ ತಂದೆ. ವಿಮಾ ಕಂಪನಿ ಅದರಲ್ಲಿ ಎಲ್ಲೂ ಇಲ್ಲ. ವಾರ್ಡಿನ ಹೊರಗೆ ಬರೆಸಿಕೊಂಡ ಚೀಟಿಗೆ ಹೆದರಬೇಡಿ. ಆದರೆ 40,000 ಬಂದಿರುವುದನ್ನು ಅರ್ಜಿಯಲ್ಲೇ ಹೇಳಿಬಿಡಿ. ಪಾಟೀ ಸವಾಲಿನಲ್ಲಿ ಎದುರು ವಕೀಲರು ಆ ಚೀಟಿ ತೆಗೆದು ತೋರಿಸುವಾಗ ತಡಬಡಾಯಿಸುವುದಕ್ಕಿಂತ ಅದು ಎಷ್ಟೋ ಮೇಲು.

ನಿಜವಾಗಿ ಹೆದರಬೇಕಾದ ಸಹಿ ಬೇರೆ ಇದೆ. ಕಲಂ 164ರ ಅಡಿಯಲ್ಲಿ, ತಪ್ಪು ಯಾರದು ಎಂದು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಸಿಗುತ್ತದೆ. ಬೇಗ ಬರುವ ದುಡ್ಡು. ಆದರೆ ವಿಮಾ ಕಂಪನಿಯೊಂದಿಗಿನ ಇತ್ಯರ್ಥದಲ್ಲಿ ಅದನ್ನು ಒಪ್ಪಿಕೊಂಡರೆ ಕಲಂ 166ರ ಅರ್ಜಿ ಅಲ್ಲಿಗೇ ಕೊನೆಯಾಗುತ್ತದೆ. ತಪ್ಪು ನಿಮ್ಮ ಕಡೆಯದೇ ಆಗಿದ್ದರೆ, ಸಾಕ್ಷಿ ಇಲ್ಲದಿದ್ದರೆ ಅದು ಒಳ್ಳೆಯ ದಾರಿ. ನಿಮ್ಮ ಪ್ರಕರಣದಲ್ಲಿ ಚಾರ್ಜ್‌ಶೀಟ್ ಕಾರಿನವರ ಮೇಲೇ ಇದೆ, ಹಾಗಾಗಿ ಅವಸರ ಬೇಡ.

ಪ್ರಶ್ನೆ:
ತುಂಬಾ ಧನ್ಯವಾದ ಮೇಡಂ. ಆದರೆ ಚಿಕಿತ್ಸೆ ಮುಗಿಯದೆ ಎಷ್ಟು ಕೇಳಬೇಕು ಅಂತ ಹೇಗೆ ಬರೆಯುವುದು? ಅಪಘಾತ ಆಗಿದ್ದು ಬೇರೆ ಜಿಲ್ಲೆಯಲ್ಲಿ, ಪ್ರತಿ ತಾರೀಕಿಗೂ ಅಲ್ಲಿಗೆ ಹೋಗಬೇಕಾ?

ಉತ್ತರ:
ಎರಡನೆಯದಕ್ಕೆ ಮೊದಲು ಹೇಳುತ್ತೇನೆ. ಹೋಗಬೇಕಿಲ್ಲ. ಅಪಘಾತವಾದ ಜಾಗ, ನೀವು ವಾಸವಿರುವ ಜಾಗ, ಎದುರಾಳಿ ಇರುವ ಜಾಗ, ಈ ಮೂರರಲ್ಲಿ ಯಾವ ವ್ಯಾಪ್ತಿಯ ನ್ಯಾಯಮಂಡಳಿಯಲ್ಲಾದರೂ ಹಾಕಬಹುದು.

ಚಿಕಿತ್ಸೆ ಮುಗಿಯಲಿ ಅಂತ ಕಾಯುವುದು ನಾನು ವಾರಕ್ಕೊಮ್ಮೆಯಾದರೂ ನೋಡುವ ತಪ್ಪು. ಅರ್ಜಿ ಹಾಕುವ ದಿನ ಕೊನೆಯ ಬಿಲ್ ಕೈಯಲ್ಲಿರಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಅಂದಾಜು ಮೊತ್ತ ಬರೆದು ಹಾಕಿ. ಬಿಲ್‌ಗಳು, ವೈದ್ಯರ ಸಾಕ್ಷ್ಯ, ಅಂಗವೈಕಲ್ಯದ ಪ್ರಮಾಣ ಎಲ್ಲ ಸಾಕ್ಷ್ಯದ ಹಂತದಲ್ಲಿ ಬರುತ್ತವೆ. ಸಾಬೀತಾದರೆ, ನೀವು ಕೇಳಿದ್ದಕ್ಕಿಂತ ಹೆಚ್ಚು ಕೊಡುವ ಅಧಿಕಾರವೂ ನ್ಯಾಯಮಂಡಳಿಗಿದೆ. ಇನ್ನೊಂದು ಲೆಕ್ಕ ಯಾರೂ ಹಾಕುವುದಿಲ್ಲ: ಪರಿಹಾರದ ಮೇಲಿನ ಬಡ್ಡಿ ಅರ್ಜಿ ಹಾಕಿದ ದಿನದಿಂದ, ಅಪಘಾತದ ದಿನದಿಂದಲ್ಲ. ಕಾದ ಎಂಟು ತಿಂಗಳ ಬಡ್ಡಿ ಹೋಯಿತು ಅಂತಲೇ ತಿಳಿಯಿರಿ.

ಮೊತ್ತ ಹೇಗೆ ಬರುತ್ತದೆ ಅಂತ ಒಂದು ಉದಾಹರಣೆ. ತಿಂಗಳಿಗೆ 18,000 ದುಡಿಯುತ್ತಿದ್ದ ಅಂದುಕೊಳ್ಳಿ, ವರ್ಷಕ್ಕೆ 2,16,000. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನಂತೆ 29ರ ವಯಸ್ಸಿಗೆ ಗುಣಕ, ಅಂದರೆ ವರ್ಷದ ದುಡಿಮೆಯನ್ನು ಗುಣಿಸಬೇಕಾದ ಸಂಖ್ಯೆ, 17. ದುಡಿಮೆಯ ನಷ್ಟ ಶೇ 10 ಅಂತ ಹಿಡಿದರೆ 3,67,200. ಶೇ 15 ಅಂದರೆ 5,50,800. ಇಡೀ ಜಗಳ ಇರುವುದು ಈ ಶೇಕಡಾವಾರಿನ ಮೇಲೆ. ವೈದ್ಯರು ಕಾಲಿಗೆ ಶೇ 30 ವೈಕಲ್ಯ ಅಂತ ಬರೆದರೆ ಅದು ಕಾಲಿನದ್ದು, ಇಡೀ ದೇಹದ್ದಲ್ಲ. ನ್ಯಾಯಾಲಯ ಕೇಳುವುದು, ಈ ಕಾಲಿನಿಂದ ಇವನ ಕಸುಬು ಎಷ್ಟು ಕೆಟ್ಟಿತು ಅಂತ. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವನಿಗೂ, ಏಣಿಯ ತುದಿಯಲ್ಲಿ ನಿಂತು ತಂತಿ ಎಳೆಯುವವನಿಗೂ ಒಂದೇ ಮುರಿತ ಒಂದೇ ನಷ್ಟ ತರುವುದಿಲ್ಲ. ಅವನು ಏಣಿ ಹತ್ತುತ್ತಿದ್ದ ಅನ್ನುವುದಕ್ಕೆ ಸಾಕ್ಷಿ ಬೇಕು. ಲೈಸೆನ್ಸ್, ಗುತ್ತಿಗೆದಾರರ ಮಾತು, ಕೂಲಿ ಜಮೆಯಾದ ಬ್ಯಾಂಕ್ ಪುಟ, ಏನಿದೆಯೋ ಈಗಲೇ ಒಟ್ಟು ಮಾಡಿ. ಆಸ್ಪತ್ರೆ ಖರ್ಚು, ನೋವು, ಮಲಗಿದ್ದ ತಿಂಗಳುಗಳ ಸಂಬಳ ಇವೆಲ್ಲ ಬೇರೆ ಬಾಬ್ತು.

ಇನ್ನೊಬ್ಬರ ಪ್ರಶ್ನೆ:
ನಮ್ಮ ಮಾವನಿಗೆ ಗುದ್ದಿದ ವಾಹನ ನಿಲ್ಲಿಸದೆ ಹೋಯಿತು, ನಂಬರ್ ಸಿಕ್ಕಿಲ್ಲ. ಯಾರ ಮೇಲೆ ಕೇಸ್ ಹಾಕುವುದು?

ಉತ್ತರ:
ವಾಹನವೇ ಸಿಗದಿದ್ದರೆ ನ್ಯಾಯಮಂಡಳಿಯಲ್ಲ, ಕಂದಾಯ ಇಲಾಖೆಯ ಕಡೆ ಹೋಗಿ. ಕಲಂ 161ರ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಅರ್ಜಿ ತೆಗೆದುಕೊಳ್ಳುವ ಕ್ಲೇಮ್ ವಿಚಾರಣಾಧಿಕಾರಿ ಸಾಮಾನ್ಯವಾಗಿ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರು. ದುಡ್ಡು ಕಡಿಮೆಯೇ, ಆದರೆ ಇದನ್ನು ಕೇಳುವವರೇ ಕಡಿಮೆ. ಅಂಗಡಿ, ಪೆಟ್ರೋಲ್ ಬಂಕ್‌ಗಳ ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮೊದಲು ಪೊಲೀಸರಿಂದ ಕೇಳಿಸಿ. ನಂಬರ್ ಸಿಕ್ಕಿದರೆ ಕಥೆಯೇ ಬೇರೆ.

ಇನ್ನೊಬ್ಬರ ಪ್ರಶ್ನೆ:
ಕ್ರಿಮಿನಲ್ ಕೇಸಿನಲ್ಲಿ ಡ್ರೈವರ್ ಖುಲಾಸೆಯಾದರೆ ಪರಿಹಾರವೂ ಹೋಗುತ್ತಾ? ಅವನಿಗೆ ಡಿಎಲ್ ಕೂಡ ಇರಲಿಲ್ಲ.

ಉತ್ತರ:
ಹೋಗಲ್ಲ ಸರ್. ಎರಡೂ ಬೇರೆ ಬೇರೆ. ಶಿಕ್ಷೆಗೆ ಸಂಶಯಕ್ಕೆ ಎಡೆಯಿಲ್ಲದ ಸಾಕ್ಷ್ಯ ಬೇಕು, ಪರಿಹಾರಕ್ಕೆ ಯಾವುದು ಹೆಚ್ಚು ಸಂಭವ ಎಂಬಷ್ಟು ಸಾಕು. ಡಿಎಲ್ ಇಲ್ಲದಿದ್ದರೆ ವಿಮಾ ಕಂಪನಿ ಕೈ ತೊಳೆದುಕೊಳ್ಳಲು ನೋಡುತ್ತದೆ. ಎಷ್ಟೋ ಪ್ರಕರಣಗಳಲ್ಲಿ ನ್ಯಾಯಾಲಯ, ಮೊದಲು ಗಾಯಾಳುವಿಗೆ ಕೊಡಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ ಅಂತ ಆದೇಶಿಸುತ್ತದೆ. ವಿಮೆಯೇ ಇಲ್ಲದ ಗಾಡಿಯಾದರೆ ಮಾತ್ರ ಮಾಲೀಕನ ಹಿಂದೆ ಓಡಾಟ ತಪ್ಪದು.

ಇನ್ನೊಬ್ಬರ ಪ್ರಶ್ನೆ:
ಯಾರಿಗೂ ಗಾಯವಿಲ್ಲ, ನನ್ನ ಕಾರು ಮಾತ್ರ ಜಖಂ. ನನ್ನದೇ ವಿಮಾ ಕಂಪನಿ ಕ್ಲೇಮ್ ತಿರಸ್ಕರಿಸಿದೆ.

ಉತ್ತರ:
ಮೊದಲು ಕಂಪನಿಗೇ ಲಿಖಿತ ದೂರು. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬಾರದಿದ್ದರೆ ವಿಮಾ ಒಂಬುಡ್ಸ್‌ಮನ್ (ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ), ಅಲ್ಲಿ ಒಂದು ವರ್ಷದ ಮಿತಿ, ಶುಲ್ಕವಿಲ್ಲ. ಗ್ರಾಹಕರ ಆಯೋಗಕ್ಕೆ ಎರಡು ವರ್ಷ. ತಿರಸ್ಕಾರದ ಪತ್ರದ ಮೇಲಿನ ತಾರೀಕು ಗುರುತು ಮಾಡಿಟ್ಟುಕೊಳ್ಳಿ.

ಪ್ರಶ್ನೆ (ಮೊದಲು ಕೇಳಿದವರು):
ಆಸ್ಪತ್ರೆಗೆ ಬಂದ ಒಬ್ಬರು 'ನಾವೇ ಕೇಸ್ ಹಾಕಿಸುತ್ತೇವೆ, ಬಂದಿದ್ದರಲ್ಲಿ ಶೇ 30 ಕೊಡಿ' ಅಂತ ಹೇಳಿ ಖಾಲಿ ವಕಾಲತ್ತಿಗೆ ಸಹಿ ಕೇಳಿದ್ದರು. ಕೊಡಬಹುದಾ? ಮುಂದಿನ ತಿಂಗಳು ರಾಡ್ ತೆಗೆಯುತ್ತಾರೆ.

ಉತ್ತರ:
ಬೇಡವೇ ಬೇಡ. ಬಂದ ಪರಿಹಾರದಲ್ಲಿ ಪಾಲು ಕೇಳುವುದು ವಕೀಲರಿಗೆ ನಿಷಿದ್ಧ. ಖರ್ಚಿನ ಚಿಂತೆಯಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ, ಅರ್ಹರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಲೋಕ ಅದಾಲತ್‌ನಲ್ಲಿ ರಾಜಿಗೆ ಕರೆದರೆ ಹೋಗಿ, ಮಾತಾಡಿ. ಆದರೆ ಅಲ್ಲಿ ಒಪ್ಪಿ ಸಹಿ ಹಾಕಿದ ಮೇಲೆ ಮೇಲ್ಮನವಿ ಇಲ್ಲ. ನ್ಯಾಯಮಂಡಳಿಯ ತೀರ್ಪಿಗಾದರೆ ಹೈಕೋರ್ಟಿಗೆ ಹೋಗಲು 90 ದಿನವಿದೆ.

ರಾಡ್ ತೆಗೆಯುವ ಮೊದಲು ಒಂದು ಎಕ್ಸ್‌ರೇ, ತೆಗೆದ ಮೇಲೆ ಇನ್ನೊಂದು ತೆಗೆಸಿ, ಫಿಲ್ಮ್‌ಗಳನ್ನು ನೀವೇ ಇಟ್ಟುಕೊಳ್ಳಿ. ಬಿಲ್ ಅವನ ಹೆಸರಿನಲ್ಲೇ ಇರಲಿ, ಮೆಡಿಕಲ್ ಅಂಗಡಿಯ ಚೀಟಿಗೆ ವೈದ್ಯರ ಚೀಟಿ ಪಿನ್ ಮಾಡಿ. ನಾಳೆ ಠಾಣೆಗೆ ಹೋದಾಗ ಎಫ್‌ಐಆರ್, ದೂರು, ಸ್ಪಾಟ್ ಮಹಜರು, ಸ್ಕೆಚ್, ಐಎಂವಿ ವರದಿ (ಮೋಟಾರು ವಾಹನ ನಿರೀಕ್ಷಕರು ವಾಹನ ಪರಿಶೀಲಿಸಿ ಕೊಡುವ ವರದಿ), ವೂಂಡ್ ಸರ್ಟಿಫಿಕೇಟ್, ಚಾರ್ಜ್‌ಶೀಟ್ ಇವುಗಳ ದೃಢೀಕೃತ ಪ್ರತಿಗೆ ಅರ್ಜಿ ಕೊಡಿ. ಅವು ಬರುವುದನ್ನೂ ಕಾಯಬೇಡಿ, ಎಫ್‌ಐಆರ್ ಮತ್ತು ಡಿಸ್ಚಾರ್ಜ್ ಸಮರಿ ಇಟ್ಟುಕೊಂಡೇ ಈ ವಾರ ಅರ್ಜಿ ಹಾಕಿಸಿ.