ರೆಡ್ ಆಕ್ಸೈಡ್ ನೆಲದ ಮೇಲೆ ವಿನೈಲ್ ಶೀಟ್: ಹಾಸೋ ಮುಂಚೆ ನೆಲ ಹೇಗೆ ರೆಡಿ ಮಾಡಿಸಿದ್ರಿ?

ಮೈಸೂರು ಅಡುಗೆಮನೆ: ನೆಲಮಹಡಿ, 10×9 ಅಡಿ, ಹಳೇ ರೆಡ್ ಆಕ್ಸೈಡ್. ಎರಡು ಉದ್ದ ಬಿರುಕು, ಸಿಂಕ್ ಕೆಳಗೆ ತಟ್ಟಿದರೆ ಟೊಳ್ಳು ಸದ್ದು. 2 ಮಿ.ಮೀ. ಶೀಟ್ ಅಂಟಿಸಬೇಕು. ಸೆಲ್ಫ್ ಲೆವೆಲಿಂಗ್ (ಸುರಿದರೆ ತಾನೇ ಹರಡಿ ಸಮವಾಗೋ ಮಿಶ್ರಣ) ಬೇಕಾ, ಸಿಮೆಂಟ್ ಸಾಕಾ? ಮಾಡಿಸಿದವರು ಹೇಳಿ.

ಹುಬ್ಬಳ್ಳಿ ಫರಸಿ: ಸಿಮೆಂಟ್ ಗಿಮೆಂಟ್ ಬ್ಯಾಡ್ರಿ, ಲೆವೆಲಿಂಗ್ ಕಾಂಪೌಂಡೇ ಹಾಕ್ರಿ. ನಮ್ಮದು ಶಹಾಬಾದ್ ಕಲ್ಲಿನ ಫರಸಿ, 96 ಚದರಡಿ. ಸಂದು ತುಂಬಲಿಲ್ಲಂದ್ರ ಕೆಲವು ತಿಂಗಳದಾಗ ಶೀಟಿನ ಮ್ಯಾಲೆ ಫರಸಿ ಚೌಕ ಎದ್ದು ಕಾಣತಾವ. ಲೆಕ್ಕ ಬರಕೋರಿ: 1 ಮಿ.ಮೀ. ದಪ್ಪಕ್ಕ ಚದರ ಮೀಟರಿಗೆ ಸುಮಾರು 1.6 ಕೆ.ಜಿ. 3 ಮಿ.ಮೀ. ಅಂದ್ರ 43 ಕೆ.ಜಿ., 25ರ ಎರಡು ಚೀಲ. ಎರಡೂ ಚೀಲಕ್ಕ 2,700 ರೂಪಾಯಿ, ಪ್ರೈಮರ್ 480, ಕೂಲಿ 1,800. ಇಷ್ಟಕ್ಕ ಮುಗೀಬೇಕಿತ್ತು. ಚೀಲದ ಮ್ಯಾಲೆ 5.5 ಲೀಟರ್ ನೀರು ಅಂತಿದ್ರ ಕೆಲಸದವ 7 ಸುರದ. ಹೆಚ್ಚಿನ ನೀರು ಮ್ಯಾಲೆ ಬಂದು ಪದರ ಸುಣ್ಣದ ಪುಡಿ ಆತು, ಬೆರಳಿಂದ ಉಜ್ಜಿದ್ರ ಬರತಿತ್ತು. ಪುಡಿ ಮ್ಯಾಲೆ ಅಂಟು ಹಿಡಿಯೂದಿಲ್ಲ. ಕೆರೆಯಾಕ 1,200, ಮತ್ತೆರಡು ಚೀಲ 2,700. ಒಟ್ಟ 8,880. ನೀರು ಅಳತಿ ಜಗ್‌ನಾಗ ಹಾಕಸ್ರಿ, ಕಲಸಿದ 20 ನಿಮಿಷದಾಗ ಸುರದು ಮುಗಸ್ರಿ.

ಗಾರೆ ಕೆಲಸ: 8,880 ಸುರಿದು, ಬೇರೆಯವರಿಗೂ ಅದನ್ನೇ ಸುರೀರಿ ಅಂತೀರಲ್ಲ! ಸಿಮೆಂಟ್ 1, ಜರಡಿ ಹಿಡಿದ ನುಣ್ಣನೆ ಮರಳು 2, ಕಲಸೋಕೆ ಎಸ್‌ಬಿಆರ್ ಲೇಟೆಕ್ಸ್ (ಸಿಮೆಂಟಿಗೆ ಬೆರೆಸೋ ಹಾಲಿನಂಥ ರಬ್ಬರ್ ದ್ರವ) ಮತ್ತು ನೀರು ಸಮಸಮ. ನೆಲಕ್ಕೆ ಮೊದಲು ಅದೇ ಲೇಟೆಕ್ಸ್‌ನಲ್ಲಿ ಕಲಸಿದ ಸಿಮೆಂಟ್ ಹಾಲು ಬ್ರಷ್‌ನಲ್ಲಿ ಬಳಿದು, ಅದು ಒಣಗೋ ಮುಂಚೆ ಕರಣೆಯಲ್ಲಿ ಎಳೆಯಬೇಕು. 2 ಮೀಟರ್ ಅಲ್ಯೂಮಿನಿಯಂ ಪಟ್ಟಿ ಇಟ್ಟು ನೋಡಿ, ಕೆಳಗೆ 3 ಮಿ.ಮೀ.ಗಿಂತ ಹೆಚ್ಚು ಸಂದು ಕಾಣಬಾರದು. ಇನ್ನೊಂದು: ಮೋರಿ ಕಡೆ ವಾಟ ಇರೋ ಅಡುಗೆಮನೆಗೆ ಲೆವೆಲಿಂಗ್ ಸುರಿದರೆ ವಾಟವೇ ಹೋಯ್ತು. ಅದು ತಗ್ಗಿಗೆ ಓಡಿ ಮೋರಿ ಬಾಯಲ್ಲೇ ದಪ್ಪ ಕಟ್ಟುತ್ತೆ.

ಹುಬ್ಬಳ್ಳಿ ಫರಸಿ: 3 ಮಿ.ಮೀ. ಸಿಮೆಂಟ್ ಬಳಿಯೂದಂದ್ರ ಹಪ್ಪಳ ಒಣಗಿಸಿದಂಗ. ಕೆಳಗಿನ ನೆಲ ನೀರೆಲ್ಲಾ ಹೀರಿದಮ್ಯಾಲೆ ಅದು ಬಲಿಯೂದು ಯಾವಾಗ? ಅಂಚಿಂದ ಎದ್ದು ಬರತೈತಿ.

ಗಾರೆ ಕೆಲಸ: ಲೇಟೆಕ್ಸ್ ಅಂತ ಬರೆದಿದ್ದು ಓದಿದ್ರಾ? ಬರೀ ಸಿಮೆಂಟ್ ಅಂದವರು ಯಾರು ಸ್ವಾಮಿ?

ಕರಾವಳಿ ತೇವ: ನೀವಿಬ್ಬರೂ ಮೇಲಿನ ಪದರಕ್ಕೆ ಜಗಳ ಮಾಡ್ತಾ ಇದ್ದೀರಿ ಮಾರಾಯ್ರೆ, ಹಾಳು ಮಾಡುವುದು ಅಡಿಯಿಂದ ಬರುವ ತೇವ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ನೆಲಕ್ಕೆ ಇಟ್ಟು ನಾಲ್ಕೂ ಅಂಚು ಟೇಪ್ ಮಾಡಿ, ಕನಿಷ್ಠ 16 ಗಂಟೆ ಬಿಡಿ. ಅಡಿಯಲ್ಲಿ ಹನಿ ಕಂಡರೆ, ನೆಲ ಕಪ್ಪಾದರೆ ಅಂಟಿಸಲೇಬೇಡಿ. ಬೇಸಿಗೆಯಲ್ಲಿ ಒಣಗಿದ್ದ ನೆಲ ಆಷಾಢದಲ್ಲಿ ಬೆವರುತ್ತದೆ, ಹಾಗಾಗಿ ಪರೀಕ್ಷೆ ಮಳೆಗಾಲದಲ್ಲೇ ಮಾಡಿ. ಮೇಲೆ ಶೀಟ್ ಮುಚ್ಚಿದರೆ ತೇವಕ್ಕೆ ಹೊರದಾರಿ ಇಲ್ಲ. ಸಿಮೆಂಟಿನ ಕ್ಷಾರ ಆ ನೀರಿನ ಜೊತೆ ಮೇಲೆ ಬಂದು ಅಂಟನ್ನು ಲೋಳೆ ಮಾಡುತ್ತದೆ. ನಮ್ಮಲ್ಲಿ ತೇವ ತಡೆಯುವ ಎಪಾಕ್ಸಿ ಲೇಪ ಎರಡು ಕೋಟ್, ಎರಡನೆಯದು ಮೊದಲನೆಯದಕ್ಕೆ ಅಡ್ಡಕ್ಕೆ. ಅದು ಹಸಿ ಇರುವಾಗಲೇ ಒಣ ಮರಳು ಎರಚಬೇಕು, ಇಲ್ಲದಿದ್ದರೆ ಗಾಜಿನಂಥ ಎಪಾಕ್ಸಿ ಮೇಲೆ ಯಾವ ಲೆವೆಲಿಂಗೂ ಕೂರುವುದಿಲ್ಲ. 110 ಚದರಡಿಗೆ 6,200 ಹೋಯಿತು, ಕೂಲಿ ಬೇರೆ.

ಮಂಡ್ಯ ಮನೆ: ಇಷ್ಟೆಲ್ಲಾ ಯಾಕೆ? ಶೀಟ್ ಹಾಸಿ, ಅಂಚಿಗೆ ಡಬಲ್ ಟೇಪ್ ಹಾಕಿ ಸುಮ್ಮನಿರಿ. ನಮಗೆ ಟೇಪಿಗೆ ಆಗಿದ್ದು ಬರೀ 340. ಗುಂಡಿಗಳಿಗೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ತುಂಬಿದ್ವಿ, ಅರ್ಧ ಗಂಟೆಗೆ ಗಟ್ಟಿ.

ಗಾರೆ ಕೆಲಸ: ಅಡುಗೆಮನೆ ನೆಲಕ್ಕೆ ಪಿಒಪಿ! ನೀರು ತಾಗಿದರೆ ಅದು ಮೆತ್ತಗಾಗಿ ಶೀಟಿನಡಿ ಪುಡಿಯಾಗುತ್ತೆ. ತುಂಬಿದ ಸಿಲಿಂಡರ್ ಸುಮಾರು 30 ಕೆ.ಜಿ., ಟೇಪ್ ಹಾಕಿದ ಶೀಟಿನ ಮೇಲೆ ಎಳೆದು ನೋಡಿ, ಸುಕ್ಕು ಎದ್ದು ಅಲ್ಲೇ ಹರಿಯುತ್ತೆ.

ಮಂಡ್ಯ ಮನೆ: ನಮ್ಮದು ಚಕ್ರದ ಟ್ರಾಲಿ ಮೇಲಿದೆ.

ಕರಾವಳಿ ತೇವ: ಟ್ರಾಲಿಯ ಸಣ್ಣ ಚಕ್ರ ಒಂದೇ ಕಡೆ ನಿಂತರೆ ಶೀಟಲ್ಲಿ ಕುಳಿ ಬೀಳುತ್ತದೆ. ಚಕ್ರದ ಅಡಿಗೆ ರಬ್ಬರ್ ಮ್ಯಾಟ್ ಹಾಕುವ ಉಪಾಯವೂ ಬೇಡ, ರಬ್ಬರ್ ತಾಗಿದಲ್ಲಿ ವಿನೈಲ್ ಹಳದಿಯಾಗುತ್ತದೆ, ಎಷ್ಟು ತಿಕ್ಕಿದರೂ ಹೋಗದು.

ಮಂಡ್ಯ ಮನೆ: ಸರಿ, ಹಂಗಾದ್ರೆ ಸಿಲಿಂಡರ್ ತಲೆ ಮೇಲೆ ಹೊತ್ಕೊಂಡು ಅಡುಗೆ ಮಾಡ್ತೀವಿ.

ಹುಬ್ಬಳ್ಳಿ ಫರಸಿ: ಸಿಲಿಂಡರ್ ಅಂದಿದ್ದಕ್ಕ ನೆನಪಾತು. ರಬ್ಬರ್ ಅಂಟು ಹಚ್ಚೂದಾದ್ರ ಸಿಲಿಂಡರ್ ಹೊರಗಿಡ್ರಿ, ಕಿಟಕಿ ತೆರೀರಿ, ದೇವರ ದೀಪಾನೂ ಬ್ಯಾಡ. ಆ ಅಂಟಿನ ಆವಿಗೆ ಬೆಂಕಿ ಹತ್ತತೈತಿ.

ಮೈಸೂರು ಅಡುಗೆಮನೆ: ಪ್ಲಾಸ್ಟಿಕ್ ಇಟ್ಟೆ. ಸಿಂಕ್ ಹತ್ತಿರದ್ದರಲ್ಲಿ ಹನಿ, ಬಾಗಿಲ ಹತ್ತಿರದ್ದು ಒಣ. ಟೊಳ್ಳಿನ ಬಗ್ಗೆ ಯಾರೂ ಹೇಳಲೇ ಇಲ್ಲ.

ಗಾರೆ ಕೆಲಸ: ಒಂದೇ ಮೂಲೆ ಒದ್ದೆ ಅಂದರೆ ಮೊದಲು ಸಿಂಕ್ ಪೈಪ್ ನೋಡಿ. ಬೇಸಿನ್ ತುಂಬಿಸಿ ಒಮ್ಮೆಗೇ ಬಿಟ್ಟು, ಜೋಡಣೆಗಳ ಸುತ್ತ ಒಣ ಟಿಶ್ಯೂ ಒತ್ತಿ. ಸೋರೋದು ನಿಲ್ಲಿಸಿದ ಮೇಲೆ ಟೊಳ್ಳು ಜಾಗವನ್ನು ಚೌಕಾಕಾರವಾಗಿ ಕತ್ತರಿಸಿ, ಗಟ್ಟಿ ಕಾಂಕ್ರೀಟ್ ಸಿಗೋವರೆಗೆ ಉಳಿಯಲ್ಲಿ ಕಿತ್ತು ಹಾಕಿ. ದೂಳು ತೆಗೆದು, ಲೇಟೆಕ್ಸ್ ಸಿಮೆಂಟ್ ಹಾಲು ಬಳಿದು 1:3 ಗಾರೆ (ಸಿಮೆಂಟ್ 1, ಮರಳು 3) ತುಂಬಿ. ಒಣಗೋಕೆ ಮಿ.ಮೀ.ಗೆ ಒಂದು ದಿನ ಹಿಡೀರಿ, 25 ಮಿ.ಮೀ. ತುಂಬಿದರೆ 25 ದಿನ. ಉಳಿದ ನೆಲದ ಮೇಣ, ಎಣ್ಣೆ ಜಿಡ್ಡು ಕಾಸ್ಟಿಕ್ ನೀರಿನಲ್ಲಿ ತಿಕ್ಕಿ (ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ), ಎರಡು ಸಲ ತೊಳೆದು, ಹೊಳಪು ಹೋಗೋ ಹಾಗೆ ಕಲ್ಲಿನಲ್ಲಿ ಉಜ್ಜಿಸಿ. ನೀರಿನ ಹನಿ ಹಾಕಿದರೆ ಉಂಡೆಯಾಗಿ ನಿಂತರೆ ಇನ್ನೂ ಮೇಣ ಇದೆ ಅಂತ ಅರ್ಥ.

ಹುಬ್ಬಳ್ಳಿ ಫರಸಿ: ಅದಾದಮ್ಯಾಲೆ ಲೆವೆಲಿಂಗ್ ಸುರೀರಿ.

ಗಾರೆ ಕೆಲಸ: ಮೋರಿ ಇದೆಯಾ ಅಂತ ಮೊದಲು ಕೇಳ್ರೀ!