‘ಅರ್ತ್ ಆಗಿದೆ’ ಅಂದರೆ ಒಳ್ಳೆಯದಾ, ಕೆಟ್ಟದ್ದಾ?

ನಮಸ್ಕಾರ. ಬಡಗಿಗಳಿಗೆ, ವೆಲ್ಡಿಂಗ್ ಕೆಲಸದವರಿಗೆ ಕೊಡಲು ಕರೆಂಟಿನ ಸುರಕ್ಷತೆಯ ಬಗ್ಗೆ ಒಂದು ಪುಟ ಬರೆಯುತ್ತಿದ್ದೇನೆ. ‘ಅರ್ತ್’ ಪದ ಬಹಳ ಕಾಡುತ್ತಿದೆ.

‘ಗೀಸರಿಗೆ ಅರ್ತ್ ಕೊಟ್ಟಿದೀರಾ?’ ಎಂದು ವೈರಿಂಗಿನವರು ಕೇಳಿದರೆ ಅದು ರಕ್ಷಣೆಯ ಮಾತು. ಹಸಿರು ವೈರು ಒಂದು ಕಡೆ ಲೋಹದ ಮೈಗೆ, ಇನ್ನೊಂದು ಕಡೆ ಪ್ಲಗ್ಗಿನ ಉದ್ದ ಪಿನ್ನಿನ ಮೂಲಕ ನೆಲಕ್ಕೆ ಸೇರಿರಬೇಕು. ಆದರೆ ಮೋಟಾರಿನ ತಂತಿ ಮತ್ತೆ ಸುತ್ತಿಕೊಡುವ ರಿವೈಂಡಿಂಗ್ ಅಂಗಡಿಯಲ್ಲಿ ‘ಮೋಟಾರ್ ಅರ್ತ್ ಆಗಿದೆ’ ಅಂದರೆ ಕೆಟ್ಟ ಸುದ್ದಿ. ಸುತ್ತಿನ ಇನ್ಸುಲೇಷನ್ (ಕರೆಂಟ್ ತಡೆಯುವ ಹೊದಿಕೆ) ಹಾಳಾಗಿ ತಂತಿ ಬಾಡಿಯನ್ನು ಮುಟ್ಟಿದೆ ಎಂದರ್ಥ. ಮನೆಯಲ್ಲಿ ‘ಫ್ರಿಜ್ ಅರ್ತ್ ಹೊಡೀತಿದೆ’ ಅನ್ನುತ್ತೇವೆ. ಸಾಮಾನ್ಯವಾಗಿ ಅದು ಹೊಡೆಯುವುದೇ ಅರ್ತ್ ಇಲ್ಲದಾಗ! ಅರ್ತ್ ಸರಿಯಿದ್ದರೆ ಸೋರಿದ ಕರೆಂಟ್ ಆ ದಾರಿಯಲ್ಲೇ ನೆಲಕ್ಕೆ ಇಳಿಯುತ್ತದೆ. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಸೋರಿಕೆ ಕಂಡರೆ ಕರೆಂಟ್ ಕಡಿಯುವ ಸ್ವಿಚ್) ಇದ್ದರೆ ಅದನ್ನು ಗುರುತಿಸಿ ತಕ್ಷಣ ಟ್ರಿಪ್ ಆಗುತ್ತದೆ.

ಈಗ ‘ಅರ್ತ್ ಹೊಡೆದರೆ ಅರ್ತ್ ನೋಡಿ’ ಎಂದು ಬರೆದರೆ ಓದಿದವರು ಹಸಿರು ವೈರನ್ನೇ ಕಿತ್ತುಬಿಟ್ಟಾರು. ಹೊಡೆಯುತ್ತಿರುವುದು ಅದೇ ತಾನೇ, ಅಂತ!

ಪಾಠದ ‘ಭೂಸಂಪರ್ಕ’ದಲ್ಲಿ ಗೊಂದಲವಿಲ್ಲ, ಆದರೆ ವೈರಿಂಗ್ ಮಾಡುವವರ ಬಾಯಲ್ಲಿ ಅದನ್ನು ನಾನು ಕೇಳಿಲ್ಲ. ಹಾಗಾಗಿ ‘ಅರ್ತ್’ ಅನ್ನು ರಕ್ಷಣೆಗೆ ಮಾತ್ರ ಉಳಿಸಿಕೊಂಡು, ತೊಂದರೆಗೆ ‘ಬಾಡಿಗೆ ಕರೆಂಟ್ ಬರುತ್ತಿದೆ’ ಎಂದು ಬರೆಯೋಣ ಅಂದುಕೊಂಡೆ. ಅಚ್ಚಿನಲ್ಲಿ ನೋಡಿದರೆ ಯಾರೋ ಕರೆಂಟನ್ನು ಬಾಡಿಗೆಗೆ ಕೊಟ್ಟ ಹಾಗಿದೆ! ಸದ್ಯಕ್ಕೆ ‘ಮಿಷನ್ ಮೈಯಲ್ಲಿ ಕರೆಂಟ್ ಇದೆ’ ಎಂದು ಇಟ್ಟಿದ್ದೇನೆ. ಸರಿಯಾ?

ಜೊತೆಗೆ ‘ಡಬಲ್ ಇನ್ಸುಲೇಷನ್’. ಚೌಕದೊಳಗೆ ಚೌಕದ ಗುರುತಿರುವ ಡ್ರಿಲ್ಲಿಂಗ್ ಮಿಷನ್‌ಗೆ ಅರ್ತ್ ವೈರು ಇರುವುದಿಲ್ಲ, ಬೇಕಾಗಿಯೂ ಇಲ್ಲ. ಕರೆಂಟ್ ಹರಿಯುವ ಭಾಗದ ಮೇಲಿನ ಇನ್ಸುಲೇಷನ್ ಕೈಕೊಟ್ಟರೂ ಪ್ಲಾಸ್ಟಿಕ್ ಕವಚದಂಥ ಇನ್ನೊಂದು ತಡೆ ಇರುತ್ತದೆ. ಇದನ್ನು ‘ಇಮ್ಮಡಿ ನಿರೋಧನ’ ಅನ್ನೋಣವೆಂದರೆ ನನಗೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಇನ್ನು ಕೆಲಸದ ಜಾಗದಲ್ಲಿ ‘ಸ್ವಲ್ಪ ಇನ್ಸುಲೇಷನ್ ಕೊಡು’ ಅಂದರೆ ಟೇಪು ಕೈಗೆ ಬರುತ್ತದೆ. ಡಬಲ್ ಅಂದರೆ ಎರಡು ಸುತ್ತು ಟೇಪ್ ಅಂದುಕೊಳ್ಳಬಹುದು, ಅಲ್ವಾ? ‘ಎರಡು ತಡೆಯ ಮಿಷನ್’ ಎಂದು ಬರೆದು, ಪಕ್ಕದಲ್ಲಿ ಚೌಕದ ಚಿತ್ರ ಹಾಕಿ, ‘ಈ ಗುರುತು ಇದ್ದರೆ ಮಾತ್ರ ಅರ್ತ್ ಬೇಡ, ಇಸ್ತ್ರಿ ಪೆಟ್ಟಿಗೆಯ ಮೂರನೇ ಪಿನ್ನು ಮುರಿಯಬೇಡಿ’ ಎಂದು ಸೇರಿಸಬೇಕೆಂದಿದ್ದೇನೆ.

ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯವರು ದಯವಿಟ್ಟು ಹೇಳಿ: ಕರೆಂಟ್ ಸೋರಿ ಜುಂ ಅಂದಾಗ ನಿಮ್ಮಲ್ಲಿ ಏನನ್ನುತ್ತಾರೆ? ‘ಅರ್ತ್’ ಅನ್ನದ ಮಾತಿದ್ದರೆ ಅದನ್ನೇ ಹಾಕುತ್ತೇನೆ.